ತಕ್ಕಡಿ ಮಹಾಶಯರ ಮಾದರಿ ಗೋಡೆಗಳು

ತೀರ್ಮಾನ ತೆಗೆದುಕೊಳ್ಳಲಾರದ ಗಂಡಸರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಅದನ್ನೇ ಒಂದು ವಿದ್ಯೆಯಾಗಿ ಸಾಧಿಸಿ ಗುರುಸ್ಥಾನಕ್ಕೆ ಏರಿದವರು ನಮ್ಮ ತಕ್ಕಡಿ ಮಹಾಶಯರೊಬ್ಬರೇ. ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯ ಹಿಂದೆ ಇಪ್ಪತ್ತಾರು ವರ್ಷ ಕೂತು ಊರವರ ಗಂಟುಮೂಟೆ ತೂಗಿದ ಮನುಷ್ಯ. ಆ ತೂಗಾಟ ಕೈಯಿಂದ ತೋಳಿಗೆ, ತೋಳಿನಿಂದ ತಲೆಗೆ ಏರಿ, ಬೆಳಗ್ಗೆ ಯಾವ ಕಾಲಿಗೆ ಮೊದಲು ಚಪ್ಪಲಿ ಹಾಕುವುದೆಂದು ತೂಗುತ್ತ ಹೊಸಿಲ ಮೇಲೆ ಅರ್ಧ ತಾಸು ನಿಲ್ಲುವ ಮಟ್ಟಕ್ಕೆ ಬಂದಿತ್ತು. ಒಮ್ಮೆ ಛತ್ರಿ ಒಯ್ಯಲೋ ಬೇಡವೋ ಎಂದು ಇವರು ಬಾಗಿಲಲ್ಲಿ ಯೋಚಿಸುತ್ತ ನಿಂತಿದ್ದಾಗ ಮಳೆಗಾಲವೇ ಮುಗಿದುಹೋಯಿತು. ಇದರಲ್ಲಿ ಸುಳ್ಳೇನಾದರೂ ಇದ್ದರೆ ಅದು ಆ ಅರ್ಧ ತಾಸಿನ ಲೆಕ್ಕದಲ್ಲಿ ಮಾತ್ರ.

ಇಂಥವರಿಗೆ ಸಿಕ್ಕ ಹೆಂಡತಿ ಮಾತ್ರ ಹೊಸ ಕತ್ತರಿ ಇದ್ದ ಹಾಗೆ. ಕೆಲಸಕ್ಕಿದ್ದ ಬೀಜದ ಪ್ರಯೋಗಾಲಯ ಬಾಗಿಲು ಹಾಕಿದ ಮರುದಿನವೇ ಆಕೆ ಮನೆಯಲ್ಲಿ ಅಣಬೆ ಬೆಳೆಯಲು ಕೂತಳು. ಬೆಳೆದದ್ದೆಲ್ಲಿ? ಮಂಚದ ಕೆಳಗೆ, ಬೀರುವಿನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬಚ್ಚಲುಮನೆಯಲ್ಲಿ. ಒದ್ದೆ ಹುಲ್ಲು ತುಂಬಿದ ಪ್ಲಾಸ್ಟಿಕ್ ಚೀಲಗಳು ಅಲ್ಲಿ ಸೂರಿನಿಂದ ಸಾಲಾಗಿ ತೂಗಾಡುತ್ತಿದ್ದವು. ಮಗಳ ಮನೆಯಲ್ಲೇ ಇದ್ದ ಅತ್ತೆ ಸ್ನಾನ ಮುಗಿಸಿ ಹೊರಬಂದಾಗಲೆಲ್ಲ, “ಒಳಗೆ ಹೋದ್ರೆ ಇಪ್ಪತ್ತು ಜನ ನೆಂಟರು ನಿಂತು ನೋಡ್ತಿರೋ ಹಾಗಾಗುತ್ತೆ ಕಣೇ,” ಎನ್ನುತ್ತಿದ್ದರು.

ಅಣಬೆಯೇನೋ ಹತ್ತಿಯಂತೆ ಬಂತು. ಊರಿನ ದೊಡ್ಡ ಹೋಟೆಲಿನ ಮ್ಯಾನೇಜರು ಸ್ವತಃ ನೋಡಲು ಬಂದರು. ತೋರಿಸಿದ್ದನ್ನು ಮೂಸಿದರು, ಮುರಿದರು, ಮೆಚ್ಚಿದರು. ಆಮೇಲೆ ಕೈ ತೊಳೆಯಲು ಬಚ್ಚಲಿಗೆ ಹೋಗಿ, ಹೋದ ವೇಗದಲ್ಲೇ ವಾಪಸು ಬಂದರು.

“ತಾಯಿ, ಮಾಲು ಬಂಗಾರ. ಆದ್ರೆ ಬಚ್ಚಲಲ್ಲಿ ಬೆಳೆದದ್ದನ್ನ ನಾನು ಗಿರಾಕಿಗಳ ತಟ್ಟೆಗೆ ಹಾಕೋ ಹಾಗಿಲ್ಲ. ಹಿತ್ತಲಲ್ಲಿ ಬಿಸಿಲಿನ ಝಳ ತಾಗದ ಹಾಗೆ ಒಂದು ಪುಟ್ಟ ಕೋಣೆ ಕಟ್ಟಿಸಿ. ಮೂರು ತಿಂಗಳು ಟೈಮು. ಒಂದನೇ ತಾರೀಕು ಬಂದು ನೋಡ್ತೀನಿ. ಇದ್ರೆ ವರ್ಷವಿಡೀ ನಿಮ್ಮದೇ ಅಣಬೆ. ಇಲ್ಲದಿದ್ರೆ ಬೇರೆಯವರು ಕಾಯ್ತಿದಾರೆ.”

ಹೆಂಡತಿ ಅದೇ ಸಂಜೆ ಗಾರೆ ಮೇಸ್ತ್ರಿಗೆ ಫೋನು ಮಾಡುವವಳಿದ್ದಳು. ಆದರೆ ವಿಧಿ ಎಂಬುದು ಆಫೀಸು ಬಿಟ್ಟು ನೇರ ಮನೆಗೆ ಬರುತ್ತಿತ್ತಲ್ಲ!

ಆ ದಿನ ಮಧ್ಯಾಹ್ನ ಕಚೇರಿಯಲ್ಲಿ ಚಹಾ ಕುಡಿಯುವಾಗ ತಕ್ಕಡಿ ಮಹಾಶಯರು, ಹೆಂಡತಿ ಫೋನಿನಲ್ಲಿ ತಿಳಿಸಿದ್ದ ಕೋಣೆಯ ವಿಷಯ ಎತ್ತಿದ್ದರು. ಸ್ಟಾಂಪು ಮಾರುವವನು ಸುಮ್ಮನೆ, “ನಾಲ್ಕು ಇಟ್ಟಿಗೆ ಇಟ್ರೆ ಆಯ್ತಲ್ಲ ಸಾರ್,” ಎಂದುಬಿಟ್ಟ. ಮಹಾಶಯರು ಕಪ್ಪು ಕೆಳಗಿಟ್ಟರು. ಕನ್ನಡಕ ಹಣೆಗೇರಿಸಿದರು.

“ಇದು ಉಷ್ಣನಿರೋಧಕ ಕಟ್ಟಡ ಕಣಯ್ಯಾ. ಹುಡುಗಾಟ ಅಲ್ಲ. ಇದಕ್ಕೆ ನಾಲ್ಕು ಪದ್ಧತಿ ಇವೆ.”

ನಾಲ್ಕು ಎಂಬ ಸಂಖ್ಯೆ ಬಾಯಿಂದ ಹೇಗೆ ಬಂತೋ ಅವರಿಗೇ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಪದ್ಧತಿ, ಅದನ್ನೂ ಸ್ಟಾಂಪಿನವನು ಆಗಲೇ ಹೇಳಿಬಿಟ್ಟಿದ್ದ. ಆದರೆ ಉಷ್ಣನಿರೋಧಕ ಎಂಬ ಶಬ್ದ ಕೇಳಿ ಇಡೀ ಕಚೇರಿ ಚಹಾ ಕುಡಿಯುವುದನ್ನು ನಿಲ್ಲಿಸಿತ್ತು. ಇಪ್ಪತ್ತಾರು ವರ್ಷದಲ್ಲಿ ಅವರ ಮಾತಿಗೆ ಯಾರಾದರೂ ಏನನ್ನಾದರೂ ನಿಲ್ಲಿಸಿದ್ದು ಅದೇ ಮೊದಲು. ಮನೆಗೆ ಬರುವಷ್ಟರಲ್ಲಿ ಅವರು ತಜ್ಞರಾಗಿದ್ದರು.

“ಮೇಸ್ತ್ರಿನ ಕರೀಬೇಡ,” ಎಂದರು ಹೆಂಡತಿಗೆ. “ಮೊದಲು ಪದ್ಧತಿ ಆಗಬೇಕು. ಪದ್ಧತಿ ಇಲ್ಲದೆ ಕಟ್ಟೋದು ಹಕ್ಕಿ.”

“ಹಕ್ಕಿ ಗೂಡು ಮೊಟ್ಟೆ ಇಡೋ ಹೊತ್ತಿಗೆ ರೆಡಿ ಇರುತ್ತೆ ರೀ,” ಎಂದಳು ಹೆಂಡತಿ.

ಆ ಮಾತು ಅವರಿಗೆ ತಾಗಲಿಲ್ಲ. ಅವರಾಗಲೇ ಉಷ್ಣನಿರೋಧಕರಾಗಿದ್ದರು.

ಹೇಳಿದ ಮೇಲೆ ನಾಲ್ಕು ಪದ್ಧತಿ ಹುಡುಕಬೇಕಲ್ಲ? ಹುಡುಕಿದರು. ಒಂದು ತಿಂಗಳು ಊರೆಲ್ಲ ಸುತ್ತಿ ನಾಲ್ಕು ಮಂದಿಯನ್ನು ಗುಡ್ಡೆ ಹಾಕಿದರು. ಮೊದಲನೆಯವನು ಗಾರೆ ಮೇಸ್ತ್ರಿ: ಎರಡು ಸಾಲು ಇಟ್ಟಿಗೆ ಕಟ್ಟಿ ನಡುವೆ ಥರ್ಮಾಕೋಲು ತುಂಬುತ್ತೇನೆ ಎಂದ. ಎರಡನೆಯವನು ಬಡಗಿ: ಮರದ ಚೌಕಟ್ಟು, ಒಳಗೆ ಗಾಜಿನ ಉಣ್ಣೆ, ಮೇಲೆ ಹಲಗೆ. ಮೂರನೆಯವನು ಕುತ್ತಿಗೆಗೆ ಟೈ ಬಿಗಿದುಕೊಂಡ ಏಜೆಂಟ. ಎರಡು ತಗಡಿನ ನಡುವೆ ನೊರೆಯಂಥ ಫೋಮು ಇರುವ ಪ್ಯಾನೆಲ್ಲುಗಳನ್ನು ಮಾರುವವನು. ನಾಲ್ಕನೆಯವನು ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಮಹಾಪುರುಷ. ಒಣಹುಲ್ಲಿನ ಪಿಂಡಿಗಳನ್ನು ಇಟ್ಟಿಗೆಯಂತೆ ಜೋಡಿಸಿ ಮೇಲೆ ಮಣ್ಣು ಮೆತ್ತಿದರೆ ಸೂರ್ಯನೇ ನಾಚಿಕೊಳ್ಳುತ್ತಾನೆ ಎಂಬುದು ಅವನ ವಾದ. ಅತ್ತೆ ಅವನಿಗೆ ನೋಡಿದ ಕ್ಷಣವೇ ಹುಲ್ಲುಸ್ವಾಮಿ ಎಂದು ಹೆಸರಿಟ್ಟರು.

ನಾಲ್ವರನ್ನೂ ಒಂದೇ ಭಾನುವಾರ ಕರೆದು ನಡುಮನೆಯಲ್ಲಿ ಕೂರಿಸಿದ್ದು ಮಹಾಶಯರ ಎರಡನೆಯ ತಪ್ಪು. ಬೆಕ್ಕುಗಳನ್ನು ಒಂದೇ ಚೀಲದಲ್ಲಿ ಕಟ್ಟಿದರೂ ಅಷ್ಟು ಸದ್ದಾಗುತ್ತಿರಲಿಲ್ಲ.

“ತಗಡಿನ ಡಬ್ಬಿ ಕಟ್ತಾರಂತೆ!” ಎಂದ ಮೇಸ್ತ್ರಿ. “ಆ ಫೋಮಿನೊಳಗೆ ಇಲಿ ಹೊಕ್ಕು ಮಗಳ ಮದುವೆನೂ ಮಾಡಿ ಮುಗಿಸುತ್ತೆ.”

“ಇಟ್ಟಿಗೆ ಏನು ಕಡಿಮೇನಾ?” ಏಜೆಂಟ ಟೈ ಸಡಿಲಿಸಿದ. “ಹಗಲೆಲ್ಲ ಬಿಸಿಲು ಕುಡಿಯುತ್ತೆ, ಸಂಜೆ ಕಕ್ಕುತ್ತೆ. ನಿಮ್ಮ ಅಣಬೆ ಬೆಳೆಯೋದಿಲ್ಲ ಸಾರ್, ಬೇಯುತ್ತೆ.”

“ಹುಲ್ಲಿನ ಗೋಡೆ ಕಟ್ಟಿಸಿ ಸ್ವಾಮಿ,” ಎಂದ ಬಡಗಿ, ಯಾರ ಮುಖವನ್ನೂ ನೋಡದೆ. “ಹಸು ಬಂದು ಕೋಣೆ ತಿಂದು ಹೋಗಲಿ.”

ಹುಲ್ಲುಸ್ವಾಮಿ ಕಣ್ಣು ಮುಚ್ಚಿಕೊಂಡೇ ಹೇಳಿದ: “ಮರಕ್ಕೆ ಗೆದ್ದಲು ಇದೆ ಮಗು. ಗೆದ್ದಲಿಗೆ ಅವಸರ ಇಲ್ಲ.”

ಹೀಗೆ ಒಬ್ಬೊಬ್ಬರೂ ಉಳಿದ ಮೂವರ ಹುಳುಕು ಹೇಳಿದರು. ಮಹಾಶಯರು ಎಲ್ಲವನ್ನೂ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಒಟ್ಟು ಹನ್ನೆರಡು ಹುಳುಕು. ಒಂದೊಂದು ಪದ್ಧತಿಗೂ ಸರಿಯಾಗಿ ಮೂರು. ತಕ್ಕಡಿ ಎಳ್ಳಷ್ಟೂ ಅಲುಗಾಡಲಿಲ್ಲ.

“ಹಾಗಾದ್ರೆ ಯಾರು, ಹೇಳಿಬಿಡಿ ಸಾರ್,” ಎಂದರು ನಾಲ್ವರೂ.

“ನೋಡೋಣ. ನಿಮ್ಮದೂ ಸರಿ, ಅವರದೂ ತಪ್ಪಲ್ಲ.”

ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಮಹಾಶಯರನ್ನು ಮೀರಿಸುವವರಿಲ್ಲ. ಇಲ್ಲಿ ಗೋಡೆಯೇ ಇರಲಿಲ್ಲ, ಆದರೂ ಇಟ್ಟರು. ಆಮೇಲೆ ಬೆರಳೆತ್ತಿ ತಮ್ಮ ಜೀವಮಾನದ ಮಹಾ ಮಾತನ್ನು ಆಡಿದರು.

“ಪಾರ್ಸೆಲ್ಲನ್ನ ತೂಗದೆ ತಗೊಂಡವನಲ್ಲ ನಾನು. ನೀವು ನಾಲ್ಕೂ ಜನ ಒಂದೊಂದು ಮಾದರಿ ಗೋಡೆ ಕಟ್ಟಿ ತೋರಿಸಿ. ಗೇಣುದ್ದದ್ದು ಬೇಡ. ಪೂರ್ತಿ ಗೋಡೆ, ಹತ್ತಡಿ ಉದ್ದ, ಎಂಟಡಿ ಎತ್ತರ. ನಾನು ಉಷ್ಣ ಅಳೆದು ತೀರ್ಪು ಕೊಡ್ತೀನಿ.”

ಬೇರೆ ದಿನವಾಗಿದ್ದರೆ ನಾಲ್ವರೂ ಎದ್ದು ಹೋಗುತ್ತಿದ್ದರು. ಆದರೆ ಒಬ್ಬರ ಮೂಗು ಇನ್ನೊಬ್ಬರ ಮುಂದೆ ಕತ್ತರಿಸುವ ಇಂಥ ಅವಕಾಶ ಕಸುಬಿನವರಿಗೆ ದಿನಾ ಸಿಗುತ್ತದೆಯೇ?

“ಪುಕ್ಕಟೆ ಕಟ್ತೀನಿ,” ಎಂದು ಮೇಸ್ತ್ರಿ ತೊಡೆ ತಟ್ಟಿದ. ಮಿಕ್ಕವರೂ ತಟ್ಟಿದರು. ಏಜೆಂಟನ ಪ್ಯಾಂಟು ಬಿಗಿಯಾಗಿದ್ದರಿಂದ ಅವನು ಟೀಪಾಯಿ ತಟ್ಟಿದ.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಇಷ್ಟು ಹೊತ್ತು ಹಲ್ಲು ಕಡಿಯುತ್ತಿದ್ದವಳು, ಈಗ ತಟ್ಟನೆ ಬಾಯಿ ಬಿಟ್ಟಳು. “ಒಳ್ಳೇ ಯೋಚನೆ ರೀ. ಜಾಗ ನಾನು ಗುರುತು ಮಾಡಿ ಕೊಡ್ತೀನಿ.”

ಹದಿನೆಂಟು ವರ್ಷದ ಸಂಸಾರದಲ್ಲಿ ಮೊದಲ ಸಲ ಹೆಂಡತಿ ತಮ್ಮ ಯೋಚನೆಯನ್ನು ಒಳ್ಳೇದು ಎಂದದ್ದು ಕೇಳಿ ಮಹಾಶಯರ ಕಣ್ಣು ಒದ್ದೆಯಾಯಿತು. ಅತ್ತೆ ಮಾತ್ರ ಮಗಳ ಮುಖವನ್ನೊಮ್ಮೆ ಓರೆಯಾಗಿ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದರು.

ಮರುದಿನ ಹಿತ್ತಲಲ್ಲಿ ಸುಣ್ಣದ ಗೆರೆ ಬಿತ್ತು. ಮೇಸ್ತ್ರಿಗೆ ಒಂದು ಗೆರೆ. ಅದರ ತುದಿಯಿಂದ ಅಡ್ಡಕ್ಕೆ ಬಡಗಿಗೆ ಇನ್ನೊಂದು. ಅದರ ತುದಿಯಿಂದ ಹುಲ್ಲುಸ್ವಾಮಿಗೆ. ಉಳಿದ ಕಡೆ ಏಜೆಂಟನಿಗೆ.

“ಇವು ಒಂದಕ್ಕೊಂದು ತಾಗ್ತಾವಲ್ಲೇ?” ಎಂದರು ಮಹಾಶಯರು.

“ಹತ್ತಿರ ಇದ್ರೆ ಹೋಲಿಸಿ ನೋಡೋಕೆ ಸುಲಭ ಅಲ್ವಾ? ನಡುವೆ ಒಂದು ಸ್ಟೂಲು ಹಾಕ್ಕೊಂಡು ಕೂತ್ರೆ ನಾಲ್ಕೂ ಕಾಣುತ್ತೆ. ನಿಮ್ಮ ಮಂಡಿನೋವಿಗೂ ಒಳ್ಳೇದು.”

ತಮ್ಮ ಮಂಡಿಯನ್ನು ಇಷ್ಟು ನೆನಪಿಟ್ಟವಳಿಗಾಗಿ ಮಹಾಶಯರು ತಾವೇ ಹೋಗಿ ಸ್ಟೂಲು ತಂದು ನಡುವೆ ಇಟ್ಟರು.

ಗೋಡೆಗಳು ಎದ್ದವು ನೋಡಿ! ಅಂಥ ಕೆಲಸ ಅರಮನೆ ಕಟ್ಟುವಾಗಲೂ ಆಗಿರಲಾರದು. ಮೇಸ್ತ್ರಿ ಇಟ್ಟಿಗೆಯ ಮೂಲೆಗಳನ್ನು ರೇಜರಿನಷ್ಟು ಚೂಪಾಗಿ ತೆಗೆದ. ಅದನ್ನು ನೋಡಿ ಬಡಗಿ ತನ್ನ ಹಲಗೆಗಳನ್ನು ಮುಖ ಕಾಣುವಷ್ಟು ಉಜ್ಜಿದ. ಅದನ್ನು ನೋಡಿ ಹುಲ್ಲುಸ್ವಾಮಿ ಮಣ್ಣನ್ನು ಬರಿಗೈಯಲ್ಲಿ ಏಳು ಸಲ ಮೆತ್ತಿದ. ಸಂದಿಯಲ್ಲಿ ಗಾಳಿ ನುಸುಳಿದರೆ ತಮ್ಮ ತಮ್ಮ ಗೋಡೆಗೆ ಕೆಟ್ಟ ಹೆಸರೆಂದು ನಾಲ್ವರೂ ಮೂಲೆಗಳನ್ನು ಪೈಪೋಟಿಯಲ್ಲಿ ಮುಚ್ಚಿದರು. ಕೊನೆಗೆ ಬಂದ ಏಜೆಂಟ ತನ್ನ ಗೋಡೆಯಲ್ಲಿ ಒಂದು ಬಾಗಿಲನ್ನೂ ಕೂರಿಸಿದ.

“ಗೋಡೆ ಕೇಳಿದ್ರೆ ಬಾಗಿಲು ಯಾಕಯ್ಯಾ?”

“ನಮ್ಮ ಬಾಗಿಲ ರಬ್ಬರು ನೋಡಿ ಸಾರ್, ಇರುವೆ ಉಸಿರೂ ಹೊರಗೆ ಬರಲ್ಲ. ಇದು ಸ್ಯಾಂಪಲ್ಲು, ಅದಕ್ಕೆ ಹಿಡಿ ಹೊರಗಡೆ ಮಾತ್ರ. ಒಳಗಿನ ಹಿಡಿ ಆರ್ಡರ್ ಕೊಟ್ಟ ಮೇಲೆ ಬರುತ್ತೆ.”

ಇಷ್ಟಾಗಿ ಎರಡು ತಿಂಗಳು ಕಳೆದಿತ್ತು. ಒಂದು ಸಂಜೆ ಮೋಡ ಕಟ್ಟಿತು. ಹೆಂಡತಿ ಆಕಾಶ ನೋಡಿ ಯಾರಿಗೋ ಎಂಬಂತೆ ಹೇಳಿದಳು: “ಈಗ ಮಳೆ ಬಂದ್ರೆ ಮಣ್ಣಿನ ಗೋಡೆಗೆ ಅನ್ಯಾಯ. ತಗಡಿಗೇನೂ ಆಗಲ್ಲ. ಪರೀಕ್ಷೆ ಅಂದ ಮೇಲೆ ನಾಲ್ಕಕ್ಕೂ ಸಮನಾಗಿ ಒಂದು ಮುಚ್ಚಳ ಬೇಡ್ವಾ?”

ನ್ಯಾಯ, ಸಮ ಎಂಬ ಎರಡು ಶಬ್ದ ಒಟ್ಟಿಗೆ ಬಿದ್ದರೆ ಮಹಾಶಯರು ಸೋತಂತೆಯೇ. ಏಜೆಂಟನ ಬಳಿ ಉಳಿದಿದ್ದ ಪ್ಯಾನೆಲ್ಲುಗಳನ್ನು ಬಡಗಿ ಮೇಲೇರಿಸಿದ. ಹೀಗೆ ಚಾವಣಿಯಾಯಿತು, ಕ್ಷಮಿಸಿ, ಮುಚ್ಚಳವಾಯಿತು. ಅಳೆಯಲು ಹೋದಾಗ ಕಾಲಿಗೆ ಕೆಸರು ಹತ್ತುತ್ತದೆಂದು ಮೇಸ್ತ್ರಿ ನೆಲಕ್ಕೆ ಸಿಮೆಂಟು ಎಳೆದ. ನಾಲ್ಕು ಗೋಡೆಗೂ ಒಂದೇ ಸಮ ತಂಪು ಕೊಟ್ಟು ನೋಡಬೇಕೆಂದು ಹೆಂಡತಿ ಹಳೆಯ ಕೂಲರು ಕೂರಿಸಿದಳು. ಸೂರು ಭಾರ ತಡೆಯುತ್ತದೋ ಇಲ್ಲವೋ ನೋಡಲು ಬಚ್ಚಲಿನ ಚೀಲಗಳನ್ನೆಲ್ಲ ಒಯ್ದು ತೂಗುಹಾಕಿದಳು. ಆವತ್ತು ಅತ್ತೆ ಎರಡು ತಾಸು ಸ್ನಾನ ಮಾಡಿದರು.

ಇಷ್ಟರಲ್ಲಿ ಪಕ್ಕದ ಮನೆಯ ಡ್ರಾಯಿಂಗ್ ಮೇಷ್ಟ್ರಿಗೆ ಹೊಟ್ಟೆ ಉರಿಯಿತು. ನಿವೃತ್ತರಾದ ಮೇಲೆ ಅವರಿಗೆ ಗೀಚಲು ಕಾಗದ ಬಿಟ್ಟು ಬೇರೇನೂ ಇರಲಿಲ್ಲ, ಅದರಲ್ಲಿ ಒಂದು ಹಾಳೆ ಅರ್ಜಿಯಾಗಿ ಪುರಸಭೆ ಸೇರಿತು: ನೆರೆಮನೆಯವರು ಪರವಾನಗಿ ಇಲ್ಲದೆ ಕೋಣೆ ಕಟ್ಟಿದ್ದಾರೆ. ಪುರಸಭೆಯ ಇನ್‌ಸ್ಪೆಕ್ಟರು ರೂಲುಬುಕ್ಕು ಕಂಕುಳಲ್ಲಿಟ್ಟು ಬಂದರು. ಹೆಂಡತಿ ಕ್ಯಾಲೆಂಡರು ನೋಡಿದಳು. ಒಂದನೇ ತಾರೀಕಿಗೆ ಹತ್ತೇ ದಿನ ಉಳಿದಿತ್ತು.

“ಈ ಕೋಣೆಗೆ ಪರವಾನಗಿ ಎಲ್ಲಿ?” ಎಂದರು ಇನ್‌ಸ್ಪೆಕ್ಟರು.

“ಯಾವ ಕೋಣೆ?” ಎಂದರು ತಕ್ಕಡಿ ಮಹಾಶಯರು.

“ಇದೇ ಕಣ್ರೀ, ನಿಮ್ಮ ಮೂಗಿನ ಮುಂದಿರೋದು.”

“ಇದು ಕೋಣೆ ಅಲ್ಲ ಸಾರ್. ಇವು ನಾಲ್ಕು ಬೇರೆ ಬೇರೆ ಗೋಡೆಗಳು. ಕೋಣೆ ಇನ್ನೂ ತೀರ್ಮಾನ ಆಗಿಲ್ಲ.”

“ಮೇಲೆ ಚಾವಣಿ ಇದೆ!”

“ಅದು ಪರೀಕ್ಷೆಯ ಮುಚ್ಚಳ.”

“ಬಾಗಿಲು?”

“ಸ್ಯಾಂಪಲ್ಲು.”

“ಒಳಗೆ ಚೀಲ ತೂಗುಹಾಕಿದೀರಿ!”

“ಭಾರದ ಪರೀಕ್ಷೆ.”

ಇನ್‌ಸ್ಪೆಕ್ಟರು ಇಪ್ಪತ್ತು ವರ್ಷದಲ್ಲಿ ಸಾವಿರ ಸುಳ್ಳುಗಾರರನ್ನು ಕಂಡವರು. ಸುಳ್ಳು ಹೇಳುವವನ ಕಣ್ಣು ಎಲ್ಲಿ ಓಡುತ್ತದೆಂದು ಅವರಿಗೆ ಗೊತ್ತು. ಇಲ್ಲಿ ಕಣ್ಣು ಓಡಲೇ ಇಲ್ಲ. ಎದುರಿಗಿದ್ದ ಮನುಷ್ಯ ತಾನು ಹೇಳಿದ್ದನ್ನು ಹೃದಯಪೂರ್ವಕ ನಂಬಿದ್ದ. ಜೊತೆಗೆ ನೋಟುಬುಕ್ಕು ತೆಗೆದು ಹನ್ನೆರಡು ಹುಳುಕನ್ನೂ ಓದತೊಡಗಿದ್ದ. ಐದನೆಯ ಹುಳುಕಿಗೆ ಇನ್‌ಸ್ಪೆಕ್ಟರು ಬೆವರಿದರು. ರೂಲುಬುಕ್ಕನ್ನು ಹಿಂದೆ ಮುಂದೆ ತಿರುಗಿಸಿದರು. ಒಂದಕ್ಕೊಂದು ತಾಗಿಕೊಂಡಿರುವ, ಆದರೆ ಪರಸ್ಪರ ಸಂಬಂಧವಿಲ್ಲದ ಗೋಡೆಗಳ ಬಗ್ಗೆ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಕೊನೆಗೆ ವರದಿಯಲ್ಲಿ ‘ಗೋಡೆಗಳು: ನಾಲ್ಕು. ಕೋಣೆ: ಕಂಡುಬಂದಿಲ್ಲ’ ಎಂದು ಬರೆದು, ಡ್ರಾಯಿಂಗ್ ಮೇಷ್ಟ್ರಿಗೆ ಸುಳ್ಳು ಅರ್ಜಿ ಕೊಟ್ಟದ್ದಕ್ಕೆ ಎಚ್ಚರಿಕೆ ಹೇಳಿ, ಹೊರಟುಹೋದರು.

“ನಿನ್ನ ಗಂಡ ಉಪಯೋಗಕ್ಕೆ ಬಂದ ಕಣೇ!” ಎಂದರು ಅತ್ತೆ, ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತ.

ಮಹಾಶಯರಿಗೆ ಬೇರೆಯದೇ ಚಿಂತೆ. ನಾಲ್ಕು ಗೋಡೆಗೂ ಒಳಗಿನಿಂದ ನಾಲ್ಕು ಥರ್ಮಾಮೀಟರು ತೂಗುಹಾಕಿ ಹತ್ತು ದಿನ ಬಿಡದೆ ಅಳೆದರು. ನಾಲ್ಕರಲ್ಲೂ ಒಂದೇ ಅಂಕಿ. ಬೆಳಗ್ಗೆ ಇಪ್ಪತ್ತೆರಡು ಅಂದರೆ ನಾಲ್ಕರಲ್ಲೂ ಇಪ್ಪತ್ತೆರಡು. ಥರ್ಮಾಮೀಟರು ಅದಲುಬದಲು ಮಾಡಿದರು, ಒರೆಸಿದರು, ಬೈದರು. ಒಂದೇ ಕೋಣೆಯ ಗಾಳಿ ನಾಲ್ಕು ಥರ ಇರುವುದಿಲ್ಲ ಎಂದು ಅವರಿಗೆ ಯಾರು ಹೇಳಬೇಕು? ಹೇಳಿದರೆ, ಅದು ಕೋಣೆ ಎಂದೂ ಹೇಳಬೇಕಾಗುತ್ತಿತ್ತು.

ಒಂದನೇ ತಾರೀಕು ಬಂತು. ಹೋಟೆಲಿನ ಮ್ಯಾನೇಜರೂ ಬಂದರು. ಚೀಲಗಳ ತುಂಬ ಅಣಬೆ ಬಿಳಿ ಗೊಂಚಲಾಗಿ ಅರಳಿ ನಿಂತಿತ್ತು. ಒಳಗೆ ಹೋಗಿ ಬಂದ ಮ್ಯಾನೇಜರು ಕರಾರಿನ ಕಾಗದ ಹೊರಗೆ ತೆಗೆದು ಪೆನ್ನಿನ ಕ್ಯಾಪು ಬಿಚ್ಚಿದರು. “ಭೇಷ್! ಇದು ಯಾವ ಪದ್ಧತಿ ತಾಯಿ?”

ಹೆಂಡತಿ ಬಾಯಿ ತೆರೆಯುವ ಮೊದಲೇ ತಕ್ಕಡಿ ಮಹಾಶಯರು ನೋಟುಬುಕ್ಕು ಹಿಡಿದು ಮುಂದೆ ಬಂದರು. ಈ ಪ್ರಶ್ನೆಗಾಗಿ ಅವರು ಮೂರು ತಿಂಗಳಿಂದ ಕಾದಿದ್ದರು.

“ಪದ್ಧತಿ ಇನ್ನೂ ಆಗಿಲ್ಲ ಸಾರ್. ಎಲ್ಲಾ ಗೋಡೆಲೂ ಹುಳುಕಿದೆ. ಆ ತಗಡಿನದ್ದರಲ್ಲಿ ಇಲಿ ಸಂಸಾರ ಹೂಡುತ್ತೆ.”

ಮ್ಯಾನೇಜರ ಪೆನ್ನು ನಿಂತಿತು. “ಇಲಿ?”

“ಇಲಿ ಒಂದೇ ಅಲ್ಲ. ಮರದ್ದಕ್ಕೆ ಗೆದ್ದಲು. ಇನ್ನು ಆ ಹುಲ್ಲಿನ ಗೋಡೆ...”

“ಗೆದ್ದಲು!” ಮ್ಯಾನೇಜರು ಕ್ಯಾಪು ಹುಡುಕತೊಡಗಿದರು. “ತಾಯಿ, ಹೀಗಿದೆ ಅಂತ ನೀವು ಹೇಳಲೇ ಇಲ್ಲ.”

ಮೂರು ತಿಂಗಳ ದುಡಿಮೆ ಆ ಪೆನ್ನಿನ ಕ್ಯಾಪಿನೊಳಗೆ ಹೋಗಿ ಮುಚ್ಚಿಕೊಳ್ಳುವುದರಲ್ಲಿತ್ತು. ಹೆಂಡತಿ ಗಂಡನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಜೇನು ಸುರಿಯುವ ದನಿಯಲ್ಲಿ ಹೇಳಿದಳು: “ರೀ, ಬಾಯಿಮಾತು ಯಾಕೆ? ಈಗಿನ ಉಷ್ಣ ಎಷ್ಟಿದೆ ಅಂತ ನಾಲ್ಕೂ ಗೋಡೆದು ಬರ್ಕೊಂಡು ಬನ್ನಿ. ಅವರಿಗೆ ನಿಖರವಾಗಿ ತೋರಿಸಿಬಿಡಿ.”

ನಿಖರ ಎಂದರೆ ಮಹಾಶಯರು ಬಾವಿಗೂ ಇಳಿದಾರು. ಹುಲ್ಲಿನ ಗೋಡೆಯ ಹುಳುಕು ಹೇಳುತ್ತಲೇ ಒಳಗೆ ಹೋದರು. ಅತ್ತೆ ಬಾಗಿಲು ತಳ್ಳಿದರು. ಹಿಡಿ ‘ಟಕ್’ ಎಂದಿತು.

ಅದರ ಜೊತೆಗೆ ಮಾತು ನಿಂತಿತು. ಹಿತ್ತಲಲ್ಲಿ ಹದಿನೆಂಟು ವರ್ಷದಲ್ಲಿ ಮೊದಲ ಬಾರಿಗೆ ಎಲೆ ಅಲುಗುವ ಸದ್ದು ಕೇಳಿಸಿತು.

“ಅವರು ಒಳಗೆ ಏನೋ ಹೇಳ್ತಿದ್ರಲ್ಲ?” ಎಂದರು ಮ್ಯಾನೇಜರು.

“ಈಗಲೂ ಹೇಳ್ತಾನೇ ಇರ್ತಾರೆ,” ಎಂದಳು ಹೆಂಡತಿ. “ಕೇಳಿಸುತ್ತಾ ನೋಡಿ.”

ಮ್ಯಾನೇಜರು ಇಟ್ಟಿಗೆಯ ಗೋಡೆಗೆ ಕಿವಿಯಿಟ್ಟರು. ಇಲ್ಲ. ಹಲಗೆಗೆ ಇಟ್ಟರು. ಇಲ್ಲ. ಹುಲ್ಲಿಗೆ, ತಗಡಿಗೆ, ಕೊನೆಗೆ ಬಾಗಿಲ ರಬ್ಬರಿಗೂ ಇಟ್ಟರು. ಗೋಡೆಗೂ ಕಿವಿಯಿದೆ ಎಂದು ಗಾದೆ ಮಾಡಿದವನು ಈ ಗೋಡೆಗಳನ್ನು ನೋಡಿರಲಿಲ್ಲ.

“ನಿಮ್ಮ ಯಜಮಾನರ ದನಿನೇ ಹೊರಗೆ ಬರಲ್ಲ ಅಂದ್ರೆ,” ಎಂದರು ಮ್ಯಾನೇಜರು ಭಕ್ತಿಯಿಂದ, “ಬಿಸಿಲು ಒಳಗೆ ಹೋಗೋ ಮಾತೆಲ್ಲಿ ಬಂತು? ಇಲಿಗೆ ನುಸುಳೋಕೆ ಸಂದಿನಾದ್ರೂ ಎಲ್ಲಿದೆ?”

ಇಡೀ ವರ್ಷದ ಕರಾರಿಗೆ ಬಾಗಿಲ ಮೇಲೇ ಕಾಗದವಿಟ್ಟು ಸಹಿ ಹಾಕಿದರು. ಚಹಾ ಕುಡಿದರು. ಇನ್ನೊಂದು ಸಲ ಕುಡಿದರು. ಅಷ್ಟು ನೆಮ್ಮದಿಯಾಗಿತ್ತು. ಅವರು ಬೀದಿ ತಿರುವು ದಾಟಿದ ಮೇಲೆ ಹೆಂಡತಿ ಬಾಗಿಲು ತೆರೆದಳು.

ತಕ್ಕಡಿ ಮಹಾಶಯರು ಹೊರಬಂದರು. ಕೂಲರಿನ ಗಾಳಿಗೆ ತುಟಿ ನೀಲಿಯಾಗಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಆದರೆ ಮುಖದಲ್ಲಿ ಯಾರೂ ಎಂದೂ ಕಾಣದ ಒಂದು ಕಳೆ. ಬಾಗಿಲು ಮುಚ್ಚಿದ್ದೇ ಅವರ ಗಮನಕ್ಕೆ ಬಂದಿರಲಿಲ್ಲ.

“ತೀರ್ಮಾನಕ್ಕೆ ಬಂದಿದೀನಿ!” ಎಂದು ಘೋಷಿಸಿದರು.

ಅತ್ತೆಯ ಕೈಯಿಂದ ಲೋಟ ಜಾರಿತು.

“ನಾಲ್ಕು ಗೋಡೆಲೂ ಒಂದೇ ಅಂಕಿ ಬರ್ತಿದೆ. ಅಂದ್ರೆ ನಾಲ್ಕೂ ಪದ್ಧತಿ ಸಮ. ಸಮ ಅಂದ ಮೇಲೆ ಒಂದನ್ನ ಬಿಟ್ಟು ಒಂದನ್ನ ಆರಿಸೋದು ಅನ್ಯಾಯ. ಆದ್ರಿಂದ ಒಂದು ಕಡೆ ಇಟ್ಟಿಗೆ, ಒಂದು ಕಡೆ ಮರ, ಒಂದು ಕಡೆ ಹುಲ್ಲು, ಒಂದು ಕಡೆ ತಗಡು. ನಾಲ್ಕನ್ನೂ ಸೇರಿಸಿ ಒಂದೇ ಕೋಣೆ ಕಟ್ಟಬೇಕು! ಇಡೀ ಪ್ರಪಂಚದಲ್ಲಿ ಇದು ಯಾರಿಗೂ ಹೊಳೆದಿಲ್ಲ ಕಣೇ.”

ಹೆಂಡತಿ ಸುಮ್ಮನೆ ತಲೆಯಾಡಿಸಿದಳು. “ಎಲ್ಲಿ ಕಟ್ಟೋಣ ರೀ?”

ಮಹಾಶಯರು ಹಿತ್ತಲನ್ನೆಲ್ಲ ಕಣ್ಣಲ್ಲೇ ಅಳೆದರು. ಹುಬ್ಬು ಗಂಟಿಕ್ಕಿದರು.

“ಜಾಗ ಇರೋದು ಇಲ್ಲೊಂದೇ. ನಾಳೆ ಬೆಳಗ್ಗೆ ಮೇಸ್ತ್ರಿಗೆ ಹೇಳಿ ಈ ಮಾದರಿ ಗೋಡೆಗಳನ್ನ ಮೊದಲು ಕೆಡವಿಸಿಬಿಡು.”

ಹೆಂಡತಿ ಅಮ್ಮನ ಕಡೆ ನೋಡಿದಳು. ಅಮ್ಮ ಬಾಗಿಲ ಹಿಡಿಯ ಕಡೆ ನೋಡಿದರು.

“ಅಳಿಯಂದ್ರೇ,” ಎಂದರು ಅತ್ತೆ ಬಹಳ ಮರ್ಯಾದೆಯಿಂದ, “ನೋಟುಬುಕ್ಕು ಒಳಗೇ ಬಿಟ್ಟು ಬಂದ್ರಲ್ಲ?”

“ಅಯ್ಯೋ, ಹೌದಲ್ಲ!” ಎಂದು ತಕ್ಕಡಿ ಮಹಾಶಯರು ಹಿಂದೆ ಮುಂದೆ ನೋಡದೆ, ಯಾವ ಕಾಲು ಮೊದಲು ಎಂದೂ ಯೋಚಿಸದೆ, ಒಂದೇ ನೆಗೆತಕ್ಕೆ ಒಳಗೆ ಹೋದರು.

ಟಕ್.